ಸೇವಂತಿಗೆಗೆ ರಾತ್ರಿ ದೀಪ: ಪಾಲಿಹೌಸ್‌ನಲ್ಲಿ ಎಲ್‌ಇಡಿ ಹಾಕಿ ಹೂವಿನ ದಿನ ಗೊತ್ತುಮಾಡುವುದು ಹೇಗೆ

ರಾತ್ರಿ ಹನ್ನೊಂದರ ಮೇಲೆ ಚಿಕ್ಕಬಳ್ಳಾಪುರದ ಕಡೆ ಓಡಾಡಿದವರು ನೋಡಿರುತ್ತೀರಿ. ಸುತ್ತಲೂ ಕತ್ತಲು, ನಡುವೆ ಒಂದು ಸೇವಂತಿಗೆ ತೋಟದಲ್ಲಿ ಮಾತ್ರ ಸಾಲು ಸಾಲು ಬಲ್ಬ್ ಉರಿಯುತ್ತಿರುತ್ತವೆ. ಬೆಳಕು ಕೊಟ್ಟರೆ ಬೇಗ ಹೂ ಬಿಡುತ್ತೆ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಹೊಸದಾಗಿ ಪಾಲಿಹೌಸ್ (ಪ್ಲಾಸ್ಟಿಕ್ ಹಾಳೆ ಹೊದಿಸಿದ ಬೆಳೆಮನೆ) ಹಾಕಿದ ಕೆಲವು ರೈತರೂ ಹಾಗೇ ತಿಳಿದಿರುತ್ತಾರೆ. ಸೇವಂತಿಗೆ ಮಟ್ಟಿಗೆ ಇದು ಪೂರ್ತಿ ಉಲ್ಟಾ. ಆ ದೀಪ ಇರುವುದು ಹೂ ಬಿಡದಂತೆ ತಡೆಯುವುದಕ್ಕೆ. ಗಿಡ ಬೇಕಾದಷ್ಟು ಎತ್ತರ ಆಗುವವರೆಗೆ ಮೊಗ್ಗು ಕಟ್ಟದಂತೆ ಹಿಡಿದಿಡುವುದು ಅದರ ಕೆಲಸ. ಆಮೇಲೆ ನೀವು ದೀಪ ನಿಲ್ಲಿಸುತ್ತೀರಿ. ಹೂವಿನ ಲೆಕ್ಕ ಶುರುವಾಗುವುದೇ ಆ ದಿನದಿಂದ.

ಇದೊಂದು ತಲೆಗೆ ಹೋದರೆ ಉಳಿದದ್ದೆಲ್ಲ ಸುಲಭ. ಯಾವ ಬಲ್ಬ್, ಎಷ್ಟು ಬಲ್ಬ್, ಎಷ್ಟು ಹೊತ್ತು ಅನ್ನುವುದಕ್ಕೆಲ್ಲ ಉತ್ತರ ಇಲ್ಲಿಂದಲೇ ಸಿಗುತ್ತದೆ. ಕೆಳಗಿನ ಲೆಕ್ಕವೆಲ್ಲ ಬೆಂಗಳೂರು ಸುತ್ತಮುತ್ತಲಿನ ಪಾಲಿಹೌಸ್ ಸೇವಂತಿಗೆಯದು, ಅಂದರೆ ಉದ್ದ ಕಾಂಡದ ಸಮೇತ ಕತ್ತರಿಸಿ ಮಾರುವ ಹೂವಿನದು. ಬೇರೆ ಹೂಗಳ ಬಗ್ಗೆ ಕೊನೆಯಲ್ಲಿ ಸ್ವಲ್ಪ ಹೇಳುತ್ತೇನೆ.

ಗಿಡ ರಾತ್ರಿಯನ್ನು ಅಳೆಯುತ್ತದೆ

ಹಗಲಿನ ಉದ್ದಕ್ಕೂ ಹೂ ಬಿಡುವುದಕ್ಕೂ ಸಂಬಂಧ ಇದೆ ಅಂತ 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ತೋರಿಸಿದರು. ಅವರ ಮುಂದಿದ್ದದ್ದು ಬೇಸಿಗೆಯಿಡೀ ಬರೀ ಎತ್ತರಕ್ಕೆ ಹೋಗುತ್ತಾ ಹೂ ಬಿಡಲು ಒಪ್ಪದ ಒಂದು ಹೊಗೆಸೊಪ್ಪಿನ ತಳಿ. ಗಿಡ ನಿಜವಾಗಿ ಲೆಕ್ಕ ಇಡುವುದು ಹಗಲನ್ನಲ್ಲ, ತುಂಡಾಗದ ಕತ್ತಲನ್ನು ಅಂತ ಆಮೇಲೆ ಗೊತ್ತಾಯಿತು. ಎಲೆಯಲ್ಲಿ ಫೈಟೋಕ್ರೋಮ್ ಅನ್ನುವ ಒಂದು ಬಣ್ಣದ ವಸ್ತು ಇದೆ. ಕೆಂಪು ಬೆಳಕು ಬಿದ್ದರೆ ಅದು ಒಂದು ರೂಪಕ್ಕೆ ಹೋಗುತ್ತದೆ. ಕಣ್ಣಿಗೆ ಸರಿಯಾಗಿ ಕಾಣದ ದೂರ ಕೆಂಪು ಬೆಳಕು ಬಿದ್ದರೆ ಅಥವಾ ಕತ್ತಲು ಉದ್ದವಾದರೆ ಮತ್ತೆ ಹಿಂದಿನ ರೂಪಕ್ಕೆ ಬರುತ್ತದೆ.

ಸೇವಂತಿಗೆಗೆ ಉದ್ದ ರಾತ್ರಿ ಸಿಕ್ಕರೆ ಮೊಗ್ಗು. ಆ ರಾತ್ರಿಯ ನಡುವೆ ಒಂದಿಷ್ಟು ಹೊತ್ತು ಕೆಂಪಿರುವ ಬೆಳಕು ಬಿದ್ದರೆ, ಅದರ ಲೆಕ್ಕದಲ್ಲಿ ಅದು ಒಂದು ಉದ್ದ ರಾತ್ರಿಯಾಗಿ ಉಳಿಯುವುದಿಲ್ಲ. ಎರಡು ಗಿಡ್ಡ ರಾತ್ರಿಗಳಾಗುತ್ತವೆ. ಅದಕ್ಕೇ ಸಂಜೆ ಆರಕ್ಕೆ ಬಲ್ಬ್ ಹಚ್ಚಿ ಎಂಟಕ್ಕೆ ನಿಲ್ಲಿಸುವುದಕ್ಕಿಂತ ರಾತ್ರಿ 10ರಿಂದ 2ರವರೆಗೆ ಹಚ್ಚುವುದು ಉತ್ತಮ.

ನಮ್ಮ ಊರಿನ ಹಗಲು

ಇಲ್ಲಿ ಒಂದು ವಿಷಯ ಗಮನಿಸಬೇಕು. ಯುರೋಪಿನ ಪುಸ್ತಕ ನೋಡಿ ಕೆಲಸ ಮಾಡುವವರು ಎಡವುವುದು ಇಲ್ಲೇ. ಹಾಲೆಂಡಿನಲ್ಲಿ ಬೇಸಿಗೆ ಹಗಲು 16 ಗಂಟೆ ದಾಟುತ್ತದೆ, ಚಳಿಗಾಲದ್ದು 8 ಗಂಟೆಗೆ ಇಳಿಯುತ್ತದೆ. ಬೆಂಗಳೂರು ಇರುವುದು ಹೆಚ್ಚುಕಡಿಮೆ 13 ಡಿಗ್ರಿ ಉತ್ತರದಲ್ಲಿ. ಇಲ್ಲಿ ಜೂನ್‌ನ ಅತಿ ಉದ್ದದ ಹಗಲು ಸುಮಾರು 12 ಗಂಟೆ 54 ನಿಮಿಷ. ಡಿಸೆಂಬರ್‌ನ ಅತಿ ಗಿಡ್ಡ ಹಗಲು ಸುಮಾರು 11 ಗಂಟೆ 22 ನಿಮಿಷ. ಒಂದೂವರೆ ಗಂಟೆಯದಷ್ಟೇ ವ್ಯತ್ಯಾಸ.

ಹೆಚ್ಚಿನ ಸೇವಂತಿಗೆ ತಳಿಗಳು ಹಗಲು ಹದಿಮೂರೂವರೆ ಗಂಟೆಗಿಂತ ಕಡಿಮೆಯಿದ್ದರೆ ಮೊಗ್ಗು ಕಟ್ಟಲು ಶುರುಮಾಡುತ್ತವೆ. ಕಟ್ಟಿದ ಮೊಗ್ಗು ಸಲೀಸಾಗಿ ಬೆಳೆದು ಅರಳಬೇಕಾದರೆ ಹಗಲು ಇನ್ನೂ ಗಿಡ್ಡ ಇರಬೇಕು, 12 ಗಂಟೆಯ ಆಸುಪಾಸು. ಈಗ ಎರಡನ್ನೂ ಜೋಡಿಸಿ ನೋಡಿ. ನಮ್ಮಲ್ಲಿ ವರ್ಷದ ಯಾವ ತಿಂಗಳು ನೆಟ್ಟರೂ ಸಸಿಗೆ ಮೊಗ್ಗು ಕಟ್ಟುವ ಮನಸ್ಸು ಬಂದೇ ಬರುತ್ತದೆ. ಗೇಣುದ್ದ ಇರುವಾಗಲೇ ತುದಿಯಲ್ಲಿ ಮೊಗ್ಗು ಕೂತರೆ ಕಾಂಡ ಎಲ್ಲಿಂದ ಬರಬೇಕು? ಹಾಗಾಗಿ ನಮಗೆ ದೀಪ ಹನ್ನೆರಡು ತಿಂಗಳೂ ಬೇಕು. ಇನ್ನೊಂದು ಕಡೆ, ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಕಟ್ಟಿದ ಮೊಗ್ಗು ಅರಳದೆ ಸತಾಯಿಸುತ್ತದೆ. ಆಗ ಕತ್ತಲನ್ನು ಉದ್ದ ಮಾಡಲು ಕಪ್ಪು ಹೊದಿಕೆಯೂ ಬೇಕಾಗುತ್ತದೆ.

ಹಂತ 1: ಸರಿಯಾದ ಬಲ್ಬ್

ಅಂಗಡಿಯವರು ನೇರಳೆ ಬಣ್ಣದ ಗ್ರೋ ಲೈಟ್ ತೋರಿಸುತ್ತಾರೆ. ಬೇಡ ಅನ್ನಿ. ಅದು ಸೂರ್ಯನ ಬೆಳಕು ಕಡಿಮೆ ಇರುವ ಕಡೆ ಗಿಡಕ್ಕೆ ಆಹಾರ ತಯಾರಿಸಲು ಕೊಡುವ ಬೆಳಕು. ನಮಗೆ ಬಿಸಿಲಿಗೇನು ಬರ ಇಲ್ಲವಲ್ಲ! ನಮಗೆ ಬೇಕಾಗಿರುವುದು ಗಿಡಕ್ಕೆ ಸೂಚನೆ ಕೊಡುವ ಬೆಳಕು. ಅದಕ್ಕೆ ಬಹಳ ಕಡಿಮೆ ಸಾಕು. ಗಿಡದ ತುದಿಯ ಮಟ್ಟದಲ್ಲಿ ಚದರ ಮೀಟರಿಗೆ ಸೆಕೆಂಡಿಗೆ 1ರಿಂದ 2 ಮೈಕ್ರೋಮೋಲ್ (ಗಿಡಕ್ಕೆ ಬೀಳುವ ಬೆಳಕಿನ ಅಳತೆ) ಅನ್ನುತ್ತಾರೆ. ಮಧ್ಯಾಹ್ನದ ಬಿಸಿಲಿನಲ್ಲಿ ಇದು 2000ದ ಹತ್ತಿರ ಹೋಗುತ್ತದೆ ಅಂದರೆ ವ್ಯತ್ಯಾಸ ಗೊತ್ತಾಗುತ್ತದೆ.

ಸೇವಂತಿಗೆಗೆ ಮನೆಯಲ್ಲಿ ಹಾಕುವ 9 ವ್ಯಾಟ್‌ನ ವಾರ್ಮ್ ವೈಟ್ ಎಲ್‌ಇಡಿ ಬಲ್ಬ್ ಧಾರಾಳವಾಗಿ ಸಾಕು. ಡಬ್ಬದ ಮೇಲೆ 2700 ಕೆ ಅಥವಾ 3000 ಕೆ ಅಂತ ಇರಲಿ. ಹಳದಿ ಛಾಯೆಯ ಈ ಬೆಳಕಿನಲ್ಲಿ ಕೆಂಪಿನ ಪಾಲು ಜಾಸ್ತಿ. 6500 ಕೆ ಅಂತ ಇರುವ ಹಾಲಿನಂಥ ಬಿಳಿ ಬಲ್ಬಿನಲ್ಲಿ ನೀಲಿ ಜಾಸ್ತಿ. ಇಷ್ಟು ಕಡಿಮೆ ಪ್ರಮಾಣದ ಬೆಳಕಿನಲ್ಲಿ ನೀಲಿಯಿಂದ ನಮಗೆ ಲಾಭವಿಲ್ಲ, ಹುಳ ಮಾತ್ರ ಹೆಚ್ಚು ಬರುತ್ತವೆ. ಕೆಂಪು ಎಲ್‌ಇಡಿ, ಅಂದರೆ ಬೆಳಕಿನ ಅಲೆಯ ಉದ್ದ 660 ನ್ಯಾನೋಮೀಟರಿನದು, ಸಿಕ್ಕಿದರೆ ಅದೂ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಬೆಲೆ ಜಾಸ್ತಿ, ಕೆಟ್ಟರೆ ಹಳ್ಳಿಯಲ್ಲಿ ಸಿಗುವುದಿಲ್ಲ. ನಮ್ಮಲ್ಲಿ ಸರ್ಕಾರದ ಎಲ್‌ಇಡಿ ಬಲ್ಬ್ ಯೋಜನೆ ‘ಹೊಸ ಬೆಳಕು’ ಬಂದ ಮೇಲೆ 9 ವ್ಯಾಟ್ ಬಲ್ಬ್ ಯಾವ ಊರಿನ ಅಂಗಡಿಯಲ್ಲೂ ಇದೆ. ನನ್ನ ಓಟು ಅದಕ್ಕೇ.

ಹಳೆಯ 60 ವ್ಯಾಟ್ ಬುರುಡೆ ಬಲ್ಬ್ ಕೂಡ ಇದೇ ಕೆಲಸ ಮಾಡುತ್ತಿತ್ತು. ಅದರಲ್ಲಿ ದೂರ ಕೆಂಪು ಬೆಳಕೂ ಬೇಕಾದಷ್ಟಿತ್ತು, ಅದರಿಂದ ಕಾಂಡ ಸ್ವಲ್ಪ ಸೊರಗಿ ಉದ್ದವಾಗುತ್ತಿತ್ತು. ಎಲ್‌ಇಡಿಗೆ ಬದಲಾಯಿಸಿದವರು ಗಿಡ ತುಸು ಗಿಡ್ಡ ಬಂತು ಅನ್ನುವುದಕ್ಕೆ ಇದೂ ಒಂದು ಕಾರಣ. ದೀಪವನ್ನು ಮೂರ್ನಾಲ್ಕು ದಿನ ಹೆಚ್ಚಿಗೆ ಹಚ್ಚಿದರೆ ಸರಿಹೋಗುತ್ತದೆ.

ಹಂತ 2: ಎಷ್ಟು ಬಲ್ಬ್, ಎಲ್ಲಿ

10 ಗುಂಟೆಯ ಪಾಲಿಹೌಸ್ ತಗೊಳ್ಳೋಣ. 32 ಮೀಟರ್ ಅಗಲ, 32 ಮೀಟರ್ ಉದ್ದ, 8 ಮೀಟರಿನ 4 ಬೇ, ಅಂದರೆ ಅಂಕಣ. ಪ್ರತಿ ಅಂಕಣಕ್ಕೆ 3 ಸಾಲು ವೈರ್ ಎಳೆದರೆ ಒಟ್ಟು 12 ಸಾಲು. ಒಂದೊಂದು ಸಾಲಿನಲ್ಲಿ ಎರಡೂವರೆ ಮೀಟರಿಗೊಂದರಂತೆ 13 ಬಲ್ಬ್. ಒಟ್ಟು 156. ಪಕ್ಕದ ಸಾಲಿನ ಬಲ್ಬ್ ನೇರಕ್ಕೆ ಬಾರದೆ ನಡುವೆ ಬರುವಂತೆ ಜರುಗಿಸಿ ಕಟ್ಟಿದರೆ ಬೆಳಕು ಸಮನಾಗಿ ಬೀಳುತ್ತದೆ.

ಎತ್ತರ ಗಿಡ ನೆಟ್ಟ ಬೆಡ್ಡಿನಿಂದ ಸುಮಾರು 2 ಮೀಟರ್ ಇರಲಿ. ಔಷಧಿ ಹೊಡೆಯುವವರ ತಲೆಗೆ ತಾಗಬಾರದು. ತೀರಾ ಮೇಲೆ ಕಟ್ಟಿದರೆ ಬೆಳಕು ಹರಡಿ ತೆಳುವಾಗುತ್ತದೆ. ಬಲ್ಬಿನ ಬುರುಡೆ ಕೆಳಗೆ ನೋಡುತ್ತಿರಬೇಕು. ಅಂಚಿನ ಬೆಡ್ಡುಗಳಿಗೆ ಒಂದೇ ಕಡೆಯಿಂದ ಬೆಳಕು ಬೀಳುವುದರಿಂದ ಅಲ್ಲಿ ಬಲ್ಬನ್ನು ಸ್ವಲ್ಪ ಹತ್ತಿರ ಹತ್ತಿರ ಹಾಕಿ. ಮೊದಲು ಮೊಗ್ಗು ಕಾಣಿಸಿಕೊಳ್ಳುವುದು ಹೆಚ್ಚಾಗಿ ಮೂಲೆಗಳಲ್ಲೇ.

ಕಟ್ಟಿ ಆಯಿತು ಅಂತ ಬಿಡಬೇಡಿ, ಅಳೆಯಿರಿ. ರಾತ್ರಿ ಹೋಗಿ, ನಾಲ್ಕು ಬಲ್ಬಿನ ನಡುವೆ, ಅಂದರೆ ಬೆಳಕು ಅತಿ ಕಡಿಮೆ ಬೀಳುವ ಜಾಗದಲ್ಲಿ, ಗಿಡದ ತುದಿಯ ಮಟ್ಟಕ್ಕೆ ಬೆಳಕು ಅಳೆಯುವ ಲಕ್ಸ್ ಮೀಟರ್ ಹಿಡಿಯಿರಿ. ವಾರ್ಮ್ ವೈಟ್ ಬಲ್ಬಿಗೆ 80ರಿಂದ 100 ಲಕ್ಸ್ ಬಂದರೆ ನಿಶ್ಚಿಂತೆ. ಫೋನಿನ ಆ್ಯಪ್ ಅಂದಾಜಿಗೆ ಮಾತ್ರ. ನೇರ ಬಲ್ಬಿನ ಕೆಳಗೆ ನಿಂತು ಅಳೆದು ಖುಷಿಪಟ್ಟುಕೊಳ್ಳಬೇಡಿ, ಅಲ್ಲಿ ಎಲ್ಲರಿಗೂ ಚೆನ್ನಾಗೇ ಬರುತ್ತದೆ. ಬರೀ ಕೆಂಪು ಎಲ್‌ಇಡಿ ಹಾಕಿದ್ದರೆ ಲಕ್ಸ್ ಮೀಟರ್ ನಂಬಬೇಡಿ. ಲಕ್ಸ್ ಅನ್ನುವುದು ಮನುಷ್ಯರ ಕಣ್ಣಿನ ಅಳತೆ. ನಮ್ಮ ಕಣ್ಣು ಕಡುಗೆಂಪನ್ನು ಬಹಳ ಕಡಿಮೆ ಕಾಣುತ್ತದೆ, ಮೀಟರೂ ಹಾಗೇ ತೋರಿಸುತ್ತದೆ. ಗಿಡಕ್ಕೆ ಬೇಕಾದಷ್ಟು ಸಿಕ್ಕಿದ್ದರೂ ಅಂಕಿ ಹತ್ತೋ ಹದಿನೈದೋ ಇರಬಹುದು.

ಕರೆಂಟಿನ ಲೆಕ್ಕ: 156 ಬಲ್ಬ್, 9 ವ್ಯಾಟ್, ಒಟ್ಟು ಸುಮಾರು 1.4 ಕಿಲೋವ್ಯಾಟ್. ನಾಲ್ಕು ಗಂಟೆಗೆ ಐದೂವರೆ ಯೂನಿಟ್‌ನ ಮೇಲೆ ಸ್ವಲ್ಪ. 28 ರಾತ್ರಿಗೆ 160 ಯೂನಿಟ್‌ನ ಒಳಗೆ. ಇದೇ ಜಾಗಕ್ಕೆ 60 ವ್ಯಾಟಿನ ಹಳೆಯ ಬಲ್ಬ್ ಹಾಕಿದ್ದರೆ ಸಾವಿರ ಯೂನಿಟ್ ದಾಟುತ್ತಿತ್ತು. ಪಂಪ್‌ಸೆಟ್ಟಿನ ಉಚಿತ ಕರೆಂಟಿನಿಂದ ದೀಪಕ್ಕೆ ವೈರ್ ಎಳೆಯುವ ಆಸೆ ಬೇಡ. ಆ ಕರೆಂಟ್ ಕೊಟ್ಟಿರುವುದು ನೀರೆತ್ತಲು. ಮೇಲಾಗಿ ಅದರ ತ್ರೀ ಫೇಸ್ ಬರುವ ಹೊತ್ತನ್ನು ನೆಚ್ಚಿಕೊಂಡರೆ ರಾತ್ರಿ 10ರ ನಿಯಮ ಪಾಲಿಸುವುದಾದರೂ ಹೇಗೆ? ಬೇರೆ ಮೀಟರ್ ಹಾಕಿಸಿಕೊಳ್ಳಿ.

ಹಂತ 3: ವೈರಿಂಗ್ ಮತ್ತು ಟೈಮರ್

ಪಾಲಿಹೌಸ್ ಒಳಗೆ ಯಾವಾಗಲೂ ತೇವ. ಇಡೀ ಕಟ್ಟಡ ಕಬ್ಬಿಣದ ಪೈಪು. ಒಂದು ವೈರಿನ ಸಿಪ್ಪೆ ಸುಲಿದು ಪೈಪಿಗೆ ತಾಗಿದರೆ ಎಲ್ಲ ಕಡೆ ಕರೆಂಟ್. ಆದ್ದರಿಂದ ಇಲ್ಲಿ ಜುಗ್ಗತನ ಬೇಡವೇ ಬೇಡ. ಚೌಕಟ್ಟಿನ ಪೈಪಿಗೆ ಸರಿಯಾದ ಅರ್ಥಿಂಗ್, ಸೋರಿಕೆ ಹಿಡಿದು ತಕ್ಷಣ ಕಟ್ ಮಾಡುವ ಆರ್‌ಸಿಸಿಬಿ, ಪ್ರತಿ ಭಾಗಕ್ಕೆ ಲೋಡ್ ಹೆಚ್ಚಾದರೆ ಕಟ್ ಮಾಡುವ ಒಂದು ಎಂಸಿಬಿ. ಹೋಲ್ಡರ್ ನೀರು ಇಳಿಯದಂಥದ್ದು, ಮುಚ್ಚಳ ಇರುವಂಥದ್ದು. ಗಂಧಕದ ಪುಡಿ, ಔಷಧಿಯ ಹನಿ ಬಿದ್ದು ಬಿದ್ದು ಸಾದಾ ಹೋಲ್ಡರಿನ ಪಿನ್ನು ಹಸಿರು ಹಿಡಿಯುತ್ತದೆ. ಗೊತ್ತಿರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಈಗ ಟೈಮರ್. ಇಡೀ ವ್ಯವಸ್ಥೆಯಲ್ಲಿ ಸದ್ದಿಲ್ಲದೆ ಕೈಕೊಡುವುದು ಇದು. ಸುತ್ತ ಸಣ್ಣ ಹಲ್ಲುಗಳಿರುವ, ಡಯಲ್ ತಿರುಗುವ ಅಗ್ಗದ ಟೈಮರ್ ಸಿಗುತ್ತದೆ. ಬ್ಯಾಟರಿ ಇಲ್ಲದ ಅಂಥದ್ದು ಕರೆಂಟಿನಿಂದಲೇ ತಿರುಗುತ್ತದೆ. ಕರೆಂಟ್ ಹೋದರೆ ನಿಂತುಬಿಡುತ್ತದೆ, ಬಂದಾಗ ನಿಂತಲ್ಲಿಂದ ಮುಂದುವರಿಯುತ್ತದೆ. ದಿನಕ್ಕೆ ಒಂದೂವರೆ ಗಂಟೆ ಕರೆಂಟ್ ಹೋಗುವ ಊರಿನಲ್ಲಿ ಒಂದು ವಾರ ಕಳೆದರೆ ಅದು ಹತ್ತೂವರೆ ಗಂಟೆ ಹಿಂದೆ ಬಿದ್ದಿರುತ್ತದೆ. ರಾತ್ರಿ 10ಕ್ಕೆ ಹತ್ತಬೇಕಾದ ದೀಪ ಬೆಳಗ್ಗೆ ಎಂಟೂವರೆಗೆ ಹತ್ತುತ್ತದೆ. ಬಿಸಿಲಿನಲ್ಲಿ ಯಾರಿಗೂ ಕಾಣುವುದೂ ಇಲ್ಲ. ಗಿಡ ಮಾತ್ರ ಅಷ್ಟೂ ರಾತ್ರಿ ಉದ್ದ ಕತ್ತಲು ಉಂಡಿರುತ್ತದೆ. ಆದ್ದರಿಂದ ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತಗೊಳ್ಳಿ. ಟೈಮರ್‌ಗೆ ನೇರವಾಗಿ 156 ಬಲ್ಬ್ ಕೊಡಬೇಡಿ. ಎಲ್‌ಇಡಿ ಹತ್ತುವ ಕ್ಷಣಕ್ಕೆ ಒಮ್ಮೆಲೇ ಕರೆಂಟ್ ಎಳೆಯುತ್ತದೆ, ಟೈಮರಿನ ಸಂಪರ್ಕ ಸುಟ್ಟುಹೋಗುತ್ತದೆ. ನಡುವೆ ಒಂದು ಕಾಂಟ್ಯಾಕ್ಟರ್, ಅಂದರೆ ಹೆಚ್ಚು ಕರೆಂಟ್ ತಾಳುವ ಸ್ವಿಚ್, ಹಾಕಿಸಿ.

ಕರೆಂಟ್ ತೀರಾ ನೆಚ್ಚಿಕೆಯಿಲ್ಲದ ಕಡೆ ಒಂದು ಉಪಾಯ ಇದೆ. ನಾಲ್ಕು ಗಂಟೆ ಸತತ ಬೆಳಕು ಬೇಕಂತಿಲ್ಲ. ಪ್ರತಿ ಅರ್ಧ ಗಂಟೆಗೆ 10 ನಿಮಿಷ ಹಚ್ಚಿ, 20 ನಿಮಿಷ ನಿಲ್ಲಿಸಿದರೂ ಸೇವಂತಿಗೆ ಒಪ್ಪುತ್ತದೆ. ಪಾಲಿಹೌಸನ್ನು ಮೂರು ಭಾಗ ಮಾಡಿ ಸರದಿಯಂತೆ ಹಚ್ಚಿದರೆ ಒಮ್ಮೆಗೆ ಉರಿಯುವುದು 52 ಬಲ್ಬ್, 470 ವ್ಯಾಟ್‌ಗಿಂತ ಕಡಿಮೆ. ಎರಡು ಬ್ಯಾಟರಿಯ ಮನೆ ಇನ್ವರ್ಟರ್ ಇದನ್ನು ಎಳೆದೀತು. ಆದರೆ ಹೀಗೆ ಮಾಡುವಾಗ ಬೆಳಕಿನ ಪ್ರಮಾಣದಲ್ಲಿ ಕಡಿತ ಮಾಡಬೇಡಿ, 100 ಲಕ್ಸ್ ಇದ್ದರೇ ಒಳ್ಳೆಯದು. ಕರೆಂಟ್ ಸರಿಯಾಗಿರುವ ಕಡೆ ಈ ತಲೆನೋವು ಬೇಕಿಲ್ಲ. ಉಳಿಯುವುದು ದಿನಕ್ಕೆ ಮೂರ್ನಾಲ್ಕು ಯೂನಿಟ್ ಅಷ್ಟೇ.

ಹಂತ 4: ದಿನಾಂಕವನ್ನು ಹಿಂದಕ್ಕೆ ಎಣಿಸಿ

ಪ್ರತಿ ತಳಿಗೂ ಇಷ್ಟು ವಾರ ಅನ್ನುವ ಲೆಕ್ಕ ಇರುತ್ತದೆ. ಕತ್ತಲು ಕೊಡಲು ಶುರುಮಾಡಿದ ದಿನದಿಂದ ಹೂ ಕೊಯ್ಲಿಗೆ ಬರಲು ಎಷ್ಟು ವಾರ ಅಂತ. ಕತ್ತರಿಸಿ ಮಾರುವ ತಳಿಗಳಲ್ಲಿ ಇದು ಹೆಚ್ಚಾಗಿ 7ರಿಂದ 9 ವಾರ. ಸಸಿ ಕೊಡುವ ನರ್ಸರಿಯವರನ್ನು ಕೇಳಿ ಬರೆದುಕೊಳ್ಳಿ. ಕೇಳಿದರೆ ತಡವರಿಸುವ ನರ್ಸರಿಯಿಂದ ಸಸಿ ತರುವ ಮುನ್ನ ಎರಡು ಸಲ ಯೋಚಿಸಿ.

ಒಂದು ಉದಾಹರಣೆ. ತುಳಸಿ ಹಬ್ಬ ಕಳೆದ ಮೇಲೆ ಮದುವೆಗಳು ಶುರುವಾಗುತ್ತವೆ, ಮಂಟಪ ಅಲಂಕಾರಕ್ಕೆ ಹೂವಿಗೆ ಬೇಡಿಕೆ ಬರುತ್ತದೆ. ನವೆಂಬರ್ 25ಕ್ಕೆ ಹೂ ಬೇಕು ಅಂದುಕೊಳ್ಳಿ. ತಳಿ 8 ವಾರದ್ದು. ಹಿಂದಕ್ಕೆ 8 ವಾರ ಎಣಿಸಿದರೆ ಸೆಪ್ಟೆಂಬರ್ 30. ಅದು ದೀಪ ನಿಲ್ಲಿಸುವ ದಿನ. ಅದಕ್ಕೂ ಹಿಂದೆ 4 ವಾರ ದೀಪ, ಅಂದರೆ ಸೆಪ್ಟೆಂಬರ್ 2ಕ್ಕೆ ನಾಟಿ. ಕಟಿಂಗ್ (ತಾಯಿ ಗಿಡದಿಂದ ಕತ್ತರಿಸಿದ ಕುಡಿ) ಬೇರು ಬಿಡಲು ಸುಮಾರು 2 ವಾರ, ಹಾಗಾಗಿ ಆಗಸ್ಟ್ 19ಕ್ಕೆ ಕಟಿಂಗ್ ಟ್ರೇಗೆ ಹೋಗಬೇಕು. ಕುಡಿ ಚಿವುಟಿ ಎರಡು ಮೂರು ಕವಲು ತೆಗೆಯುವ ಪದ್ಧತಿ ನಿಮ್ಮದಾದರೆ ದೀಪದ ಅವಧಿಗೆ ಇನ್ನೂ ಒಂದೆರಡು ವಾರ ಸೇರಿಸಿ, ನಾಟಿಯನ್ನು ಅಷ್ಟು ಮುಂಚೆ ಮಾಡಿ.

ನಾಲ್ಕು ವಾರ ಅನ್ನುವುದು ಅಂದಾಜು. ನಿಜವಾದ ಅಳತೆ ಗಿಡದ ಎತ್ತರ. 30ರಿಂದ 35 ಸೆಂಟಿಮೀಟರ್ ಬಂದಾಗ ದೀಪ ನಿಲ್ಲಿಸಿದರೆ ಕೊಯ್ಲಿನ ಹೊತ್ತಿಗೆ 75ರಿಂದ 90 ಸೆಂಟಿಮೀಟರ್ ಸಿಗುತ್ತದೆ. ಚಳಿಯಲ್ಲಿ ನಿಧಾನ, ಬೇಸಿಗೆಯಲ್ಲಿ ಬೇಗ. ಎಲ್ಲ ಬೆಡ್ಡೂ ಒಂದೇ ದಿನ ನೆಡುವುದಕ್ಕಿಂತ ವಾರಕ್ಕೊಂದು ಭಾಗ ನೆಟ್ಟರೆ ಒಂದೇ ದಿನ ಎಲ್ಲ ಹೂವೂ ತಲೆಮೇಲೆ ಬಂದು ಬೀಳುವುದಿಲ್ಲ. ಆದರೆ ಆಗ ಭಾಗ ಭಾಗಕ್ಕೂ ನಡುವೆ ಕಪ್ಪು ಪರದೆ ಬೇಕು. ಇಲ್ಲದಿದ್ದರೆ ಒಂದು ಕಡೆಯ ದೀಪ ಇನ್ನೊಂದು ಕಡೆಯ ಕತ್ತಲನ್ನು ಕೆಡಿಸುತ್ತದೆ.

ಹಂತ 5: ದೀಪದ ವಾರಗಳಲ್ಲಿ ಕಣ್ಣಿಡಬೇಕಾದ್ದು

ದೀಪ ನಾಟಿ ಮಾಡಿದ ರಾತ್ರಿಯೇ ಶುರುವಾಗಬೇಕು. ಬೇರು ಹಿಡಿಯಲಿ, ಆಮೇಲೆ ನೋಡೋಣ ಅನ್ನುವಂತಿಲ್ಲ. ಟ್ರೇಯಲ್ಲಿ ಬೇರು ಬಿಡುವಾಗಲೂ ದೀಪ ಬೇಕು. ಕಟಿಂಗ್ ತೆಗೆಯುವ ತಾಯಿ ಗಿಡಗಳಿಗಂತೂ ವರ್ಷವಿಡೀ ಬೇಕು. ತಾಯಿ ಗಿಡದಲ್ಲೇ ಮೊಗ್ಗಿನ ಸೂಚನೆ ಸೇರಿಬಿಟ್ಟಿದ್ದರೆ ನಿಮ್ಮ 156 ಬಲ್ಬೂ ಅದನ್ನು ಅಳಿಸಲಾರವು.

ಮೊಗ್ಗಿನ ಸುಳಿವು ಎಲೆಯಲ್ಲೇ ಸಿಗುತ್ತದೆ. ಸೇವಂತಿಗೆ ಎಲೆಯ ಅಂಚು ಸೀಳು ಸೀಳಾಗಿರುತ್ತದೆ ಅಲ್ವಾ. ತುದಿಯ ಹೊಸ ಎಲೆ ಸೀಳಿಲ್ಲದೆ, ಕಿರಿದಾಗಿ, ಪಟ್ಟಿಯಂತೆ ಬರತೊಡಗಿದರೆ ಒಳಗೆ ಮೊಗ್ಗು ಕೂತಿದೆ ಅಂತ ಅರ್ಥ. ದೀಪ ಇನ್ನೂ ಉರಿಯುತ್ತಿರುವಾಗಲೇ ಇಂಥ ಎಲೆ ಕಂಡರೆ ಸಸಿ ನೋಡಿ, ಟೈಮರ್ ನೋಡಿ, ಆ ಜಾಗದ ಲಕ್ಸ್ ನೋಡಿ.

ಒಂದು ಬಲ್ಬ್ ಹೋದರೆ ಏನಾಗುತ್ತದೆ ಅನ್ನುವುದು ಬೇಗ ಗೊತ್ತಾಗುವುದಿಲ್ಲ. ದೀಪ ನಿಲ್ಲಿಸುವ ಹೊತ್ತಿಗೆ ಬೆಡ್ಡಿನ ಮೇಲೆ ಕಣ್ಣು ಹಾಯಿಸಿದರೆ ಒಂದು ಕಡೆ ಗಿಡಗಳು ಸುತ್ತಲಿನವಕ್ಕಿಂತ ಗಿಡ್ಡವಾಗಿ ತಗ್ಗು ಬಿದ್ದಂತೆ ಕಾಣುತ್ತವೆ. ಬಗ್ಗಿ ನೋಡಿದರೆ ತುದಿಯಲ್ಲಿ ಸಣ್ಣ ಹಸಿರು ಮೊಗ್ಗು. ತಲೆ ಎತ್ತಿ ನೋಡಿದರೆ ಸರಿಯಾಗಿ ಮೇಲೆ ಸತ್ತ ಬಲ್ಬ್. ವಾರಕ್ಕೆರಡು ಸಲ ರಾತ್ರಿ ಹತ್ತೂವರೆಗೆ ಒಂದು ಸುತ್ತು ಹಾಕಿ, ಕೈಯಲ್ಲಿ ನಾಲ್ಕು ಹೊಸ ಬಲ್ಬ್ ಇರಲಿ. ಔಷಧಿಯ ಬಿಳಿ ಕಲೆ ಹಿಡಿದ ಬಲ್ಬನ್ನು ಹಗಲು ಒರೆಸಿಡಿ.

ಒಂದು ರಾತ್ರಿ ಕರೆಂಟ್ ಇಲ್ಲದೆ ದೀಪ ತಪ್ಪಿದರೆ ಗಾಬರಿ ಬೇಡ. ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಸಾಲಾಗಿ ಮೂರ್ನಾಲ್ಕು ರಾತ್ರಿ ತಪ್ಪಿದರೆ ಮಾತ್ರ ಮೊಗ್ಗು ಶುರುವಾಗುವ ಅಪಾಯ ಇದೆ.

ಹಂತ 6: ದೀಪ ನಿಲ್ಲಿಸಿದ ಮೇಲೆ

ನಿಲ್ಲಿಸುವುದು ಅಂದರೆ ಪೂರ್ತಿ ನಿಲ್ಲಿಸುವುದು. ಇವತ್ತು ಇಲ್ಲ, ನಾಳೆ ಸ್ವಲ್ಪ ಅನ್ನುವಂತಿಲ್ಲ. ಕಾವಲುಗಾರನ ಕೋಣೆಯ ಫೋಕಸ್ ಲೈಟ್, ಪ್ಯಾಕಿಂಗ್ ಶೆಡ್ಡಿನ ಟ್ಯೂಬ್‌ಲೈಟ್, ರಸ್ತೆಯ ದೀಪ, ಯಾವುದರ ಬೆಳಕು ಒಳಗೆ ಬೀಳುತ್ತಿದೆ ನೋಡಿ. ಬೀದಿ ದೀಪದ ಪಕ್ಕದ ಸಾಲು ಮಾತ್ರ ಹೂ ಬಿಡದೆ ಸೊಪ್ಪಿನಂತೆ ಬೆಳೆಯುತ್ತಾ ಹೋಗುವುದಕ್ಕೆ ಕಾರಣ ಅದೇ. ಹುಣ್ಣಿಮೆ ಬೆಳದಿಂಗಳಿಗೆ ಹೆದರಬೇಕಿಲ್ಲ, ಅದು ಅರ್ಧ ಲಕ್ಸ್ ಕೂಡ ಆಗುವುದಿಲ್ಲ.

ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ನಮ್ಮ ಸಹಜ ರಾತ್ರಿಯೇ ಸಾಕಷ್ಟು ಉದ್ದ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಹೊದಿಕೆ ಬೇಕು. ಶ್ರಾವಣದ ಹಬ್ಬಗಳಿಗೆ ಹೂ ಬೇಕಾದರೆ ದೀಪ ನಿಲ್ಲಿಸುವುದು ಜೂನ್‌ನಲ್ಲಿ ಬೀಳುತ್ತದೆ, ಅಂದರೆ ವರ್ಷದ ಅತಿ ಉದ್ದ ಹಗಲಿನಲ್ಲಿ. ಸೂರ್ಯ ಮುಳುಗಿದ ಮೇಲಿನ ನಸುಬೆಳಕನ್ನೂ ಗಿಡ ಹಗಲೆಂದೇ ಲೆಕ್ಕ ಹಾಕುತ್ತದೆ. ಹಾಗಾಗಿ ಸಂಜೆ 6ಕ್ಕೆ ಕಪ್ಪು ಹೊದಿಕೆ ಎಳೆದು ಬೆಳಗ್ಗೆ 7ಕ್ಕೆ ತೆಗೆಯಿರಿ. 13 ಗಂಟೆ ಕತ್ತಲು ಸಿಗುತ್ತದೆ. ಮೊಗ್ಗು ಬಣ್ಣ ತೋರಿಸುವವರೆಗೆ ದಿನವೂ ಹೀಗೆ. ಭಾನುವಾರ ಆಳು ಬರಲಿಲ್ಲ ಅಂತ ವಾರಕ್ಕೊಂದು ದಿನ ತಪ್ಪಿಸಿದರೆ ಹೂ ಅಷ್ಟಷ್ಟೇ ತಡವಾಗುತ್ತಾ ಹೋಗುತ್ತದೆ.

ಹೊದಿಕೆಯ ಕಷ್ಟ ಸೆಕೆ. ಸಂಜೆ ಬಿಸಿಲಿರುವಾಗಲೇ ಮುಚ್ಚಿದರೆ ಒಳಗೆ ಬೇಯುತ್ತದೆ. ರಾತ್ರಿಯ ಬಿಸಿ 25 ಡಿಗ್ರಿ ದಾಟಿದರೆ ಮೊಗ್ಗು ಮುಂದುವರಿಯುವುದೇ ನಿಧಾನವಾಗುತ್ತದೆ, 8 ವಾರದ ತಳಿ 9 ಅಥವಾ 10 ವಾರ ತೆಗೆದುಕೊಳ್ಳುತ್ತದೆ. ಪ್ಲಾಸ್ಟಿಕ್ ಹಾಳೆಗಿಂತ ಗಾಳಿಯಾಡುವ ದಟ್ಟ ಹೆಣಿಗೆಯ ಬಟ್ಟೆ ಮೇಲು. ಪೂರ್ತಿ ಕತ್ತಲಾದ ಮೇಲೆ, ರಾತ್ರಿ ಎಂಟರ ಹೊತ್ತಿಗೆ, ಬದಿಯ ಪರದೆ ಸ್ವಲ್ಪ ಎತ್ತಿ ಗಾಳಿ ಬಿಟ್ಟು, ಬೆಳಗಾಗುವ ಮುನ್ನ ಇಳಿಸುವವರೂ ಇದ್ದಾರೆ. ಕೆಲಸ ಹೆಚ್ಚು, ಆದರೆ ಏಪ್ರಿಲ್, ಮೇನಲ್ಲಿ ಅದು ಸಾರ್ಥಕ.

ಸುಮಾರು ಮೂರು ವಾರಕ್ಕೆ ಮೊಗ್ಗು ಕಣ್ಣಿಗೆ ಬೀಳುತ್ತದೆ. ಒಂದು ಕಾಂಡಕ್ಕೆ ಒಂದೇ ದೊಡ್ಡ ಹೂ ಬೇಕಾದ ತಳಿಯಲ್ಲಿ ನಡುವಿನ ಮೊಗ್ಗು ಉಳಿಸಿ ಪಕ್ಕದವನ್ನು ಚಿವುಟಿ. ಗೊಂಚಲು ಹೂವಿನ ತಳಿಯಲ್ಲಿ ಇದಕ್ಕೆ ವಿರುದ್ಧ: ನಡುವಿನದೊಂದನ್ನು ತೆಗೆದರೆ ಉಳಿದವು ಸಮನಾಗಿ ಅರಳುತ್ತವೆ. ಬೆರಳಿಗೆ ಸಿಗುವಷ್ಟಾದ ಕೂಡಲೇ ಮಾಡಿ. ಕಾಂಡ ಗಟ್ಟಿಯಾದ ಮೇಲೆ ಚಿವುಟಿದರೆ ಸಿಪ್ಪೆ ಸುಲಿದು ಗಾಯ ಉಳಿಯುತ್ತದೆ.

ಬೇರೆ ಹೂಗಳು

ಗುಲಾಬಿ, ಆಂಥೂರಿಯಂ ಬೆಳೆಯುವವರು ಈ ದೀಪಕ್ಕೆ ಕಾಸು ಹಾಕಬೇಡಿ. ಅವು ರಾತ್ರಿಯ ಉದ್ದವನ್ನು ಲೆಕ್ಕಕ್ಕೇ ಇಡುವುದಿಲ್ಲ. ಪ್ರೇಮಿಗಳ ದಿನಕ್ಕೆ ಗುಲಾಬಿ ಬೇಕಾದರೆ ಕತ್ತರಿಯಲ್ಲಿ ದಿನ ನೋಡಿ ಸವರಬೇಕೇ ಹೊರತು ಬಲ್ಬಿನಿಂದ ಆಗುವುದಿಲ್ಲ.

ಕುಂಡದ ಪಾಯಿನ್‌ಸೆಟಿಯಾ, ಕಲಂಚೋ ಎರಡೂ ಸೇವಂತಿಗೆಯ ಗುಂಪಿನವು. ಪಾಯಿನ್‌ಸೆಟಿಯಾ ಕ್ರಿಸ್‌ಮಸ್‌ಗೆ ಕೆಂಪಾಗಿ ನಿಲ್ಲಬೇಕು. ನಮ್ಮಲ್ಲಿ ಸೆಪ್ಟೆಂಬರ್ ಕಳೆಯುವ ಹೊತ್ತಿಗೆ ಸಹಜವಾಗಿಯೇ ಬಣ್ಣಕ್ಕೆ ತಿರುಗುವ ತಯಾರಿ ನಡೆಸುತ್ತದೆ. ಬೇಗ ಕೆಂಪಾಗಿ ಡಿಸೆಂಬರ್‌ಗೆ ಮಂಕಾಗುವ ತಳಿಯಾದರೆ ಅಕ್ಟೋಬರ್ ಮೊದಲ ವಾರದವರೆಗೆ ಇದೇ ವಾರ್ಮ್ ವೈಟ್ ದೀಪ ಕೊಟ್ಟು ತಡೆದಿಡಬಹುದು. ಬಾಲ್ಕನಿಯಲ್ಲಿ ಇಟ್ಟುಕೊಂಡವರು ನಡುಮನೆಯ ಟ್ಯೂಬ್‌ಲೈಟ್ ರಾತ್ರಿ ಹನ್ನೊಂದರವರೆಗೆ ಅದರ ಮೇಲೆ ಬೀಳುತ್ತಿದ್ದರೆ ಎರಡನೇ ವರ್ಷ ಯಾಕೆ ಕೆಂಪಾಗಲಿಲ್ಲ ಅಂತ ಕೇಳುವಂತಿಲ್ಲ.

ಜಿಪ್ಸೋಫಿಲಾ, ಪಿಟೂನಿಯಾ, ಸ್ನ್ಯಾಪ್‌ಡ್ರಾಗನ್ ಮಾತ್ರ ಎದುರು ಪಾರ್ಟಿ. ಇವಕ್ಕೆ ಉದ್ದ ಹಗಲು ಸಿಕ್ಕರೆ ಹೂ. ಇಲ್ಲಿ ದೀಪ ನಿಜವಾಗಿಯೂ ಹೂ ತರಿಸುತ್ತದೆ. ಬೆಂಗಳೂರಿನ ಹಗಲು ಜೂನ್‌ನಲ್ಲೂ 13 ಗಂಟೆ ಮುಟ್ಟುವುದಿಲ್ಲವಾದ್ದರಿಂದ ಜಿಪ್ಸೋಫಿಲಾಗೆ ದೀಪ ಇಲ್ಲದೆ ಭರವಸೆಯಿಲ್ಲ. ಸುಮ್ಮನೆ ಎಲೆ ಹರಡಿಕೊಂಡು ನೆಲಕ್ಕೆ ಅಂಟಿಕೊಂಡಿರುತ್ತದೆ. ಆದರೆ ಈ ಗುಂಪಿಗೆ 9 ವ್ಯಾಟಿನ ಮನೆ ಬಲ್ಬ್ ಅಷ್ಟಾಗಿ ನಡೆಯುವುದಿಲ್ಲ. ಕೆಂಪಿನ ಜೊತೆ ದೂರ ಕೆಂಪು, ಸುಮಾರು 735 ನ್ಯಾನೋಮೀಟರಿನದು, ಇರಬೇಕು. ಬುರುಡೆ ಬಲ್ಬಿನಲ್ಲಿ ಅದು ತಾನಾಗಿಯೇ ಇತ್ತು, ಮನೆಯ ಬಿಳಿ ಎಲ್‌ಇಡಿಯಲ್ಲಿ ಬಹುಪಾಲು ಇಲ್ಲ. ಇಂಥ ಬೆಳೆಗೆಂದೇ ಎರಡೂ ಸೇರಿಸಿದ ಫ್ಲವರಿಂಗ್ ಲ್ಯಾಂಪ್‌ಗಳು ಬರುತ್ತವೆ. ಕೊಳ್ಳುವಾಗ ಡಬ್ಬದ ಮೇಲೆ ಡಿಆರ್, ಎಫ್‌ಆರ್ ಎರಡೂ ಇದೆಯಾ ನೋಡಿ. ಡಿಆರ್ ಅಂದರೆ ಕಡುಗೆಂಪು, ಎಫ್‌ಆರ್ ಅಂದರೆ ದೂರ ಕೆಂಪು. ಎಫ್‌ಆರ್ ಇಲ್ಲದ್ದನ್ನು ಜಿಪ್ಸೋಫಿಲಾಗೆ ತರಬೇಡಿ, ಎಫ್‌ಆರ್ ಇರುವುದನ್ನು ಸೇವಂತಿಗೆಗೆ ತಂದು ದುಡ್ಡು ದಂಡ ಮಾಡಬೇಡಿ.